ಔಟ್‌ಬೋರ್ಡ್ ಮೋಟರ್ ಎಳೆತ ಕಳೆದುಕೊಂಡಿದೆ, ಪೆಟ್ರೋಲಿಗೆ ಅಡಿಟಿವ್ ಹಾಕಿದರೆ ಸರಿಹೋಗುತ್ತಾ?

ಶಿಂಷಾ ದಂಡೆ, ಕುಣಿಗಲ್

ಎಲ್ಲರಿಗೂ ನಮಸ್ಕಾರ. ನಾವು ಮಾರ್ಕೋನಹಳ್ಳಿ ಜಲಾಶಯದಲ್ಲಿ ಮೀನು ಹಿಡಿಯುವವರು. ಬಲೆ ಬಿಡುವುದು, ಎತ್ತುವುದು ಎಲ್ಲ ಹರಿಗೋಲಿನಲ್ಲೇ. ಹಿಡಿದ ಮೀನನ್ನು ಬಿಸಿಲೇರುವ ಮೊದಲು ದಡಕ್ಕೆ ತರುವುದಕ್ಕೆ ಒಂದು ಫೈಬರ್ ದೋಣಿ ಇಟ್ಟುಕೊಂಡಿದ್ದೇವೆ. ಅದರ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್, 9.9 ಎಚ್‌ಪಿ ಮೋಟರ್. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಕೈಯಲ್ಲಿ ಹಗ್ಗ ಎಳೆದು ಶುರು ಮಾಡುವಂಥದ್ದು. ಕರಾವಳಿ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದದ್ದು.

ಹೋದ ವರ್ಷ ಕಾಟ್ಲಾ, ರೋಹು ತುಂಬಿದ ಕ್ರೇಟುಗಳ ಜೊತೆ ಮೂರು ಜನ ಕೂತರೂ ದೋಣಿ ಮೂತಿ ಎತ್ತಿಕೊಂಡು ಬರುತ್ತಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ಮೋಟರ್ ಬಿಚ್ಚಿ ಶೆಡ್ಡಿನಲ್ಲಿ ಇಟ್ಟಿದ್ದೆವು. ಮಳೆ ಬಂದ ಮೇಲೆ ಮತ್ತೆ ಕಟ್ಟಿದಾಗಿನಿಂದ ಈ ಗೋಳು. ಬೆಳಿಗ್ಗೆ ಶುರು ಆಗುವುದಕ್ಕೆ ಹಗ್ಗ ಎಳೆದೂ ಎಳೆದೂ ತೋಳು ಬಿದ್ದುಹೋಗುತ್ತದೆ. ಶುರು ಆದರೂ ನಿಧಾನ ಓಟದಲ್ಲಿ ನಿಲ್ಲುವುದಿಲ್ಲ, ಆರಿಹೋಗುತ್ತದೆ. ಫುಲ್ ಥ್ರಾಟಲ್ ಕೊಟ್ಟರೆ ಸ್ವಲ್ಪ ದೂರ ಚೆನ್ನಾಗಿ ಎಳೆಯುತ್ತದೆ, ಆಮೇಲೆ ಉಸಿರು ಕಟ್ಟಿದ ಹಾಗೆ ಕುಗ್ಗುತ್ತದೆ. ಥ್ರಾಟಲ್ ಇಳಿಸಿ ಒಂದೆರಡು ನಿಮಿಷ ಬಿಟ್ಟರೆ ಮತ್ತೆ ಸ್ವಲ್ಪ ಹೊತ್ತು ಎಳೆಯುತ್ತದೆ.

ಪ್ಲಗ್ ಬಿಚ್ಚಿ ನೋಡಿದೆ. ಮೇಲಿನ ಸಿಲಿಂಡರಿನದು ಕಂದು ಬಣ್ಣ. ಕೆಳಗಿನದು ಕಪ್ಪಗೆ, ಒದ್ದೆಯಾಗಿದೆ. ಹೊಗೆಯೂ ಮೊದಲಿಗಿಂತ ಜಾಸ್ತಿ.

ಗೆಳೆಯರೊಬ್ಬರು ಆನ್‌ಲೈನಿನಲ್ಲಿ ಒಂದು ಬಾಟಲಿ ಅಡಿಟಿವ್ ತರಿಸಿ ಕೊಟ್ಟರು. ಬಾಟಲಿ ಮೇಲೆ ಬರೆದ ಅಳತೆಗೇ ಪೆಟ್ರೋಲಿಗೆ ಬೆರೆಸಿ ಓಡಿಸಿದೆವು. ನಿಧಾನ ಓಟ ನಿಜವಾಗಿಯೂ ಸರಿಹೋಯಿತು, ಈಗ ಆರುವುದಿಲ್ಲ. ಶುರು ಆಗುವುದೂ ವಾಸಿ. ಆದರೆ ಫುಲ್ ಥ್ರಾಟಲಿನಲ್ಲಿ ಕುಗ್ಗುವುದು ಹಾಗೇ ಇದೆ. ಇನ್ನೊಂದು ಬಾಟಲಿ ಹಾಕಿದರೆ ಪೂರ್ತಿ ಸರಿಹೋಗುತ್ತದೆ ಎಂದು ಅವರು ಹೇಳುತ್ತಿದ್ದಾರೆ.

ಬಾಟಲಿ ಅಗ್ಗದ್ದಲ್ಲ. ಸಂಘದ ದುಡ್ಡು, ಒಬ್ಬನೇ ನಿರ್ಧಾರ ಮಾಡುವ ಹಾಗಿಲ್ಲ. ಇನ್ನೊಂದು ಹಾಕುವುದಾ, ಬೇಡವಾ? ಬೇರೆ ಯಾವುದಾದರೂ ಅಡಿಟಿವ್ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದಾ? ನಮ್ಮ ಕಡೆ ದೋಣಿ ಮೋಟರ್ ಗೊತ್ತಿರುವ ಮೆಕ್ಯಾನಿಕ್ ಸಿಗುವುದೇ ಕಷ್ಟ. ಅನುಭವ ಇರುವವರು ದಯವಿಟ್ಟು ಹೇಳಿ.

ಹಳೇ ಟೂ ಸ್ಟ್ರೋಕ್, ಚಿಕ್ಕಬಳ್ಳಾಪುರ

ದೋಣಿ ಮೋಟರ್ ನನಗೆ ಗೊತ್ತಿಲ್ಲ ಸಾರ್, ಟೂ ಸ್ಟ್ರೋಕ್ ಬೈಕ್ ಮಾತ್ರ ಗೊತ್ತು. ನಮ್ಮ ಹಳೇ ಬೈಕಿಗೆ ಅಪ್ಪ ಟ್ಯಾಂಕಿಗೆ ಎರಡು ನುಸಿಗುಳಿಗೆ ಹಾಕುತ್ತಿದ್ದರು. ಎಳೆತ ಜಾಸ್ತಿ ಆಗುತ್ತದೆ ಎಂದು ಆಗ ಎಲ್ಲರೂ ಹಾಕುತ್ತಿದ್ದರು. ಬಾಟಲಿಗೆ ದುಡ್ಡು ಸುರಿಯುವ ಮೊದಲು ಅದನ್ನೊಮ್ಮೆ ಪ್ರಯತ್ನ ಮಾಡಬಹುದೇನೋ. ಸ್ವಲ್ಪ ಸೀಮೆಎಣ್ಣೆ ಬೆರೆಸಿದರೆ ಮಸಿ ಬಿಡುತ್ತದೆ ಎಂದೂ ಕೇಳಿದ್ದೇನೆ. ಗೊತ್ತಿರುವವರು ಹೇಳಲಿ.

ಪಂಪ್‌ಸೆಟ್ ಮೇಸ್ತ್ರಿ, ತುಮಕೂರು

ಕುಣಿಗಲ್ಲಿನ ಅಣ್ಣನಿಗೆ, ಇನ್ನೊಂದು ಬಾಟಲಿ ಈಗಲೇ ತರಿಸಬೇಡಿ. ನಾನು ಅಂತರಸನಹಳ್ಳಿ ಕಡೆ ಪೆಟ್ರೋಲ್, ಸೀಮೆಎಣ್ಣೆ ಪಂಪ್‌ಸೆಟ್ ರಿಪೇರಿ ಮಾಡುವವನು. ಕೆರೆಗಳಲ್ಲಿ ಬೋಟಿಂಗ್ ನಡೆಸುವವರ ಔಟ್‌ಬೋರ್ಡ್‌ಗಳೂ ನಮ್ಮ ಬೆಂಚಿಗೆ ಬರುತ್ತವೆ. ನೀವು ಬರೆದದ್ದರಲ್ಲೇ ಅರ್ಧ ಉತ್ತರ ಇದೆ. ಅಡಿಟಿವ್ ಹಾಕಿದ ಮೇಲೆ ನಿಧಾನ ಓಟ ಸರಿಹೋಯಿತು, ಫುಲ್ ಥ್ರಾಟಲ್ ಸರಿಹೋಗಲಿಲ್ಲ ಎಂದಿರಲ್ಲ, ಅದನ್ನೇ ಹಿಡಿದುಕೊಂಡು ಹೋಗೋಣ.

ಬೇಸಿಗೆಯಲ್ಲಿ ಮೋಟರ್ ಸುಮ್ನೆ ನಿಂತಾಗ ಕಾರ್ಬೊರೇಟರ್ ಬಟ್ಟಲಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗುತ್ತದೆ. ಹಿಂದೆ ಅಂಟು ಉಳಿಯುತ್ತದೆ. ಆಯಿಲ್ ಬೆರೆಸಿದ ಪೆಟ್ರೋಲ್ ಆದ್ದರಿಂದ ಅಂಟು ಇನ್ನೂ ಜಾಸ್ತಿ. ನಿಧಾನ ಓಟಕ್ಕೆ ಪೆಟ್ರೋಲ್ ಕೊಡುವ ಪೈಲಟ್ ಜೆಟ್ಟಿನ ತೂತು ಕೂದಲೆಳೆಯಷ್ಟು ಸಣ್ಣದು. ಅದು ಮೊದಲು ಕಟ್ಟಿಕೊಳ್ಳುತ್ತದೆ. ನಿಮ್ಮ ಅಡಿಟಿವ್ ಆ ಅಂಟನ್ನು ಕರಗಿಸಿದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಚೆನ್ನಾಗಿಯೇ ಮಾಡಿದೆ.

ಫುಲ್ ಥ್ರಾಟಲಿನ ಕಥೆಯೇ ಬೇರೆ. ಮೊದಲು ಚೆನ್ನಾಗಿ ಎಳೆದು ಆಮೇಲೆ ಕುಗ್ಗುತ್ತದೆ, ಬಿಟ್ಟರೆ ಮತ್ತೆ ಚೇತರಿಸಿಕೊಳ್ಳುತ್ತದೆ ಎಂದರೆ ಬಟ್ಟಲಿನಲ್ಲಿ ಇರುವ ಪೆಟ್ರೋಲ್ ಮುಗಿಯುವವರೆಗೆ ಓಡುತ್ತಿದೆ ಎಂದು ನನಗೆ ಅನ್ನಿಸುತ್ತದೆ. ಎಂಜಿನ್ ಕುಡಿಯುವಷ್ಟು ವೇಗದಲ್ಲಿ ಪೆಟ್ರೋಲ್ ಬರುತ್ತಿಲ್ಲ. ದಾರಿಯಲ್ಲಿ ಎಲ್ಲೋ ಅಡ್ಡಿ ಇದೆ.

ಇದನ್ನು ಕಂಡುಹಿಡಿಯಲು ದುಡ್ಡೇನೂ ಬೇಡ. ದೋಣಿಯಲ್ಲಿ ಇಬ್ಬರು ಹೋಗಿ. ಒಬ್ಬರು ಫುಲ್ ಥ್ರಾಟಲ್ ಕೊಡಲಿ. ಕುಗ್ಗುವುದಕ್ಕೆ ಶುರುವಾದ ಕೂಡಲೇ ಇನ್ನೊಬ್ಬರು ಪೈಪಿನಲ್ಲಿರುವ ರಬ್ಬರ್ ಬಲ್ಬನ್ನು ಕೈಯಲ್ಲಿ ಒತ್ತುತ್ತಾ ಇರಲಿ. ಒತ್ತಿದಾಗ ಮೋಟರ್ ಮತ್ತೆ ಎದ್ದರೆ ತೊಂದರೆ ಪೆಟ್ರೋಲ್ ಬರುವ ದಾರಿಯಲ್ಲೇ. ಮೊದಲು ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿ ಸ್ಕ್ರೂ ತೆರೆದಿದೆಯಾ ನೋಡಿ. ಆಮೇಲೆ ಟ್ಯಾಂಕಿನೊಳಗಿನ ಜಾಲರಿ, ಎಂಜಿನ್ ಮೇಲಿನ ಫಿಲ್ಟರ್, ಪೈಪ್ ಜೋಡಿಸುವ ಕನೆಕ್ಟರಿನ ವಾಷರ್. ಕೊನೆಗೆ ಫ್ಯೂಯೆಲ್ ಪಂಪ್. ಅದರೊಳಗೆ ಒಂದು ತೆಳು ಡಯಾಫ್ರಮ್ ಇದೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿ ಇಳಿದಂತೆ ಅದು ಮಿಡಿದು ಪೆಟ್ರೋಲ್ ತಳ್ಳುತ್ತದೆ. ಗಟ್ಟಿಯಾದರೆ, ಸೀಳಿದರೆ ಮಿಡಿತ ಕಡಿಮೆ. ಯಾವ ಅಡಿಟಿವ್ ಹಾಕಿದರೂ ಗಟ್ಟಿಯಾದ ರಬ್ಬರ್ ಮೆತ್ತಗಾಗುವುದಿಲ್ಲ.

ಪೈಪನ್ನು ಕತ್ತರಿಸಿ ಒಳಮೈ ನೋಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಈಗಿನ ಪೆಟ್ರೋಲ್ ಹಳೆಯದಲ್ಲ. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು. ಈಗ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಔಟ್‌ಬೋರ್ಡ್ ಕಂಪನಿಗಳಲ್ಲಿ ಹೆಚ್ಚಿನವು ತಮ್ಮ ಕೈಪಿಡಿಯಲ್ಲಿ ಶೇ 10ರವರೆಗೆ ಮಾತ್ರ ಎಥನಾಲ್ ಸರಿ ಎನ್ನುತ್ತವೆ. ಹಳೇ ಪೈಪಿನ ಒಳಪದರ ಎಥನಾಲಿಗೆ ಉಬ್ಬುತ್ತದೆ, ಎದ್ದು ಬರುತ್ತದೆ. ಹೊರಗಿನಿಂದ ನೋಡಿದರೆ ಪೈಪ್ ಹೊಸದರಂತೆ ಕಾಣುತ್ತದೆ. ಒಳಗೆ ಆ ಪದರ ಬಾಗಿಲಿನಂತೆ ಮುಚ್ಚಿಕೊಂಡು ದಾರಿ ತಡೆಯುತ್ತದೆ.

ಎಥನಾಲಿನ ಇನ್ನೊಂದು ಗುಣ ನೀರು ಹೀರುವುದು. ದೋಣಿಯ ಮೇಲೆ ಅರ್ಧ ತುಂಬಿದ ಟ್ಯಾಂಕಿನಲ್ಲಿ ರಾತ್ರಿಯ ತಂಪಿಗೆ ತೇವ ಕಟ್ಟುತ್ತದೆ. ಸ್ವಲ್ಪ ನೀರನ್ನು ಅದು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಮಿತಿ ದಾಟಿದರೆ ಎಥನಾಲ್ ಮತ್ತು ನೀರು ಸೇರಿ ತಳಕ್ಕೆ ಇಳಿದುಬಿಡುತ್ತವೆ. ಟೂ ಸ್ಟ್ರೋಕ್‌ಗೆ ಇದು ತುಂಬಾ ಅಪಾಯ. ಬೆರೆಸಿದ ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ. ಅಂದರೆ ಪಿಸ್ಟನ್‌ಗೆ ಆಯಿಲೇ ಇಲ್ಲದ ದ್ರವ ಹೋಗುತ್ತದೆ, ಪಿಸ್ಟನ್ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ಹೀಗೆ ಒಮ್ಮೆ ಬೇರೆಯಾದ ಪೆಟ್ರೋಲನ್ನು ಮತ್ತೆ ಒಂದು ಮಾಡುವ ಅಡಿಟಿವ್ ಇಲ್ಲ. ಬಾಟಲಿ ಮೇಲೆ ಏನೇ ಬರೆದಿರಲಿ. ಟ್ಯಾಂಕಿನ ತಳದಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು, ನೆರಳಿನಲ್ಲಿ, ಬೀಡಿ ಬೆಂಕಿ ಹತ್ತಿರ ಇಲ್ಲದ ಕಡೆ ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ಎರಡು ಪದರ ಕಂಡರೆ ಅಷ್ಟನ್ನೂ ಹೊರಗೆ ತೆಗೆಯಲೇಬೇಕು.

ಇನ್ನು ಕೆಳಗಿನ ಸಿಲಿಂಡರಿನ ಕಪ್ಪು ಪ್ಲಗ್. ಎರಡೂ ಸಿಲಿಂಡರ್ ಒಂದೇ ಪೆಟ್ರೋಲ್ ಕುಡಿಯುತ್ತವೆ. ಹಾಗಿದ್ದೂ ಒಂದು ಮಾತ್ರ ಒದ್ದೆಯಾಗಿದ್ದರೆ ಕಿಡಿ ಸರಿಯಿಲ್ಲ, ಇಲ್ಲವೇ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಒತ್ತುವ ಒತ್ತಡ, ಸರಿಯಿಲ್ಲ. ಮೊದಲು ಎರಡೂ ಪ್ಲಗ್‌ಗಳನ್ನು ಅದಲುಬದಲು ಮಾಡಿ ಓಡಿಸಿ. ಕಪ್ಪು ಬಣ್ಣ ಪ್ಲಗ್ ಜೊತೆ ಹೋದರೆ ಪ್ಲಗ್ ಕೆಟ್ಟಿದೆ. ಅದೇ ಸಿಲಿಂಡರಿನಲ್ಲಿ ಉಳಿದರೆ ಕಂಪ್ರೆಶನ್ ಗೇಜ್ ಹಾಕಬೇಕು. ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಗೇಜ್ ಇರುತ್ತದೆ. ಎರಡೂ ಪ್ಲಗ್ ಬಿಚ್ಚಿ, ಥ್ರಾಟಲ್ ಪೂರ್ತಿ ತೆರೆದು ಹಗ್ಗ ಎಳೆಯಿರಿ. ಪ್ಲಗ್ ವೈರುಗಳನ್ನು ಮಾತ್ರ ಎಂಜಿನ್ ಮೈಗೆ ತಾಗಿಸಿ ಕಟ್ಟಿರಿ, ಇಲ್ಲದಿದ್ದರೆ ಕಿಡಿ ಕೊಡುವ ಸಿಡಿಐ ಪೆಟ್ಟಿಗೆ ಸುಡುತ್ತದೆ. ಎರಡರ ನಡುವೆ ಶೇ 10ಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಯೋಚನೆ ಮಾಡಬೇಕು. ಕಡಿಮೆ ಬಂದದ್ದಕ್ಕೆ ಪ್ಲಗ್ ತೂತಿನಿಂದ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಕಡೆ ಸೋರುತ್ತಿದೆ.

ರಿಂಗ್ ಸವೆದಿದ್ದರೆ ಹೊಸದು ಹಾಕಲೇಬೇಕು. ಆದರೆ ಮಸಿ ಕಟ್ಟಿ ಪಿಸ್ಟನ್ನಿನ ತೋಡಿನಲ್ಲೇ ಅಂಟಿಕೊಂಡಿದ್ದರೆ ಅಲ್ಲಿ ಅಡಿಟಿವ್‌ಗೆ ನಿಜವಾದ ಕೆಲಸ ಇದೆ. ಟೆಕ್ರಾನ್ ಥರದ, ಪಿಇಎ ಎನ್ನುವ ಮಸಿ ತೊಳೆಯುವ ರಾಸಾಯನಿಕ ಇರುವ ಕ್ಲೀನರ್‌ಗಳು ಮಸಿಯನ್ನು ಸಡಿಲಿಸುತ್ತವೆ. ಯಮಹಾದವರ ರಿಂಗ್ ಫ್ರೀ ಇದೇ ಕೆಲಸಕ್ಕೆ ಮಾಡಿದ್ದು. ಸ್ಟಾ-ಬಿಲ್ ಥರದ್ದು ಬೇರೆ ಜಾತಿ. ಅದು ಪೆಟ್ರೋಲ್ ಹಳಸದಂತೆ ತಡೆಯುತ್ತದೆ, ಹಳಸಿದ್ದನ್ನು ಹೊಸದು ಮಾಡುವುದಿಲ್ಲ. ಯಾವುದನ್ನು ಯಾವುದಕ್ಕೆ ಎಂದು ನೋಡಿ ತರಬೇಕು. ಬಾಟಲಿಯ ಅಳತೆ ಮೀರಬೇಡಿ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಕ್ರ್ಯಾಂಕ್ ಬೇರಿಂಗ್ ಮೇಲೇ ಹರಿದು ಹೋಗುತ್ತದೆ. ಕ್ಲೀನರ್ ಜಾಸ್ತಿಯಾದರೆ ಬೇರಿಂಗಿಗೆ ಬೇಕಾದ ಆಯಿಲನ್ನೂ ತೊಳೆದುಬಿಡುತ್ತದೆ.

ಆಯಿಲ್ ಯಾವುದು ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಬೈಕಿನ 2ಟಿ ಆಯಿಲ್ ಆದರೆ ಇವತ್ತೇ ನಿಲ್ಲಿಸಿ. ನೀರಿನಲ್ಲಿ ತಣ್ಣಗಾಗುವ ಔಟ್‌ಬೋರ್ಡಿಗೆ ಟಿಸಿ-ಡಬ್ಲ್ಯೂ3 ಗುರುತಿನ ಆಯಿಲ್ ಬೇಕು. ಅದರಲ್ಲಿ ಬೂದಿ ಬಿಡುವ ಅಂಶ ಇರುವುದಿಲ್ಲ. ನಿಮ್ಮ ಕೈಪಿಡಿ 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿ.ಲೀ. ಕಣ್ಣಂದಾಜಿನಲ್ಲಿ ಸುರಿದ ಆಯಿಲೇ ಎಷ್ಟೋ ಮೋಟರುಗಳಲ್ಲಿ ಮಸಿಗೆ ಕಾರಣ.

ಚಿಕ್ಕಬಳ್ಳಾಪುರದ ಗೆಳೆಯರೇ, ನಿಮ್ಮ ಅಪ್ಪನ ಕಾಲದಲ್ಲಿ ನುಸಿಗುಳಿಗೆ ಎಲ್ಲರೂ ಹಾಕುತ್ತಿದ್ದದ್ದು ನಿಜ. ಔಟ್‌ಬೋರ್ಡಿಗೆ ದಯವಿಟ್ಟು ಬೇಡ. ಕರಗಿದ ಗುಳಿಗೆ ಪೆಟ್ರೋಲ್ ಆವಿಯಾದಾಗ ಮತ್ತೆ ಹರಳಾಗಿ ಜೆಟ್ಟಿನಲ್ಲೇ ಕೂರುತ್ತದೆ. ಸೀಮೆಎಣ್ಣೆ ಬೆರೆಸಿದರೆ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ಭಾರ ಎಳೆಯುವಾಗ ಎಂಜಿನ್ ಬಡಿದುಕೊಳ್ಳುತ್ತದೆ. ನಡುನೀರಿನಲ್ಲಿ ಪಿಸ್ಟನ್ ಹೋದರೆ ಹುಟ್ಟು ಹಾಕಿಕೊಂಡೇ ಬರಬೇಕು.

ಕಡಲ ಕರೆ, ಮಲ್ಪೆ

ಮೇಸ್ತ್ರಿಗಳು ಹೇಳಿದ್ದು ಸರಿಯಾಗಿ ಉಂಟು. ನನ್ನದು ಒಂದೇ ಪ್ರಶ್ನೆ. ಅದು ಪೆಟ್ರೋಲ್ ಮಾಡೆಲ್ಲಾ, ಸೀಮೆಎಣ್ಣೆ ಮಾಡೆಲ್ಲಾ? ನಮ್ಮ ಕಡೆ ನಾಡದೋಣಿಗಳಲ್ಲಿ ಸೀಮೆಎಣ್ಣೆ ಮೋಟರುಗಳೇ ಜಾಸ್ತಿ. ಪೆಟ್ರೋಲಿನಲ್ಲಿ ಶುರು ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುವುದು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಂದು ಕಾರ್ಬೊರೇಟರ್ ತೊಳೆಯುವುದು. ಮಳೆಗಾಲದಲ್ಲಿ ಮೀನುಗಾರಿಕೆ ನಿಷೇಧ ಇರುವಾಗಲೂ 10 ಎಚ್‌ಪಿ ಒಳಗಿನ ಮೋಟರಿನ ನಾಡದೋಣಿಗೆ ಕಡಲಿಗೆ ಇಳಿಯಲಿಕ್ಕೆ ಬಿಡುತ್ತಾರೆ. ಅದಕ್ಕೇ 9.9 ಇಲ್ಲಿ ಇಷ್ಟು ಓಡುವುದು. ಹಳತಾದವು ಘಟ್ಟದ ಮೇಲೆ ಕೆರೆಗಳಿಗೆ ಹೋಗುತ್ತವೆ.

ಸೀಮೆಎಣ್ಣೆ ಮಾಡೆಲ್ ಆದರೆ ಅದರ ಕಂಪ್ರೆಶನ್ ಕಂಪನಿಯೇ ಕಡಿಮೆ ಇಟ್ಟಿರುತ್ತದೆ. ಗೇಜಿನಲ್ಲಿ ಕಡಿಮೆ ಬಂತೆಂದು ರಿಂಗ್ ಹೋಯಿತು ಅಂತ ಹೆದರುವುದು ಬೇಡ. ಎರಡೂ ಸಿಲಿಂಡರ್ ಸಮ ಉಂಟಾ, ಅದನ್ನು ನೋಡಿ. ಇಂಧನ ತಿರುಗಿಸುವ ಕಾಕ್, ಪಕ್ಕದಲ್ಲಿ ಸಣ್ಣ ಪೆಟ್ರೋಲ್ ಟ್ಯಾಂಕ್ ಜೋಡಿಸುವ ಜಾಗ ಇದ್ದರೆ ಗೊತ್ತಾಗ್ತದೆ.

ಮತ್ತೆ ಉಪ್ಪು. ಕಡಲಲ್ಲಿ ಓಡಿದ ಮೋಟರಿನ ನೀರಿನ ದಾರಿಯಲ್ಲಿ ಉಪ್ಪು ಗಟ್ಟಿ ಕೂತಿರುತ್ತದೆ. ಹಿಂದಿನಿಂದ ಬರುವ ನೀರಿನ ಧಾರೆ ಸಪೂರ ಇದ್ದರೆ, ಬಿಸಿ ಇದ್ದರೆ, ಆ ದಾರಿಯಲ್ಲಿರುವ ಥರ್ಮೋಸ್ಟಾಟ್ ಬಿಚ್ಚಿ. ಬಿಸಿಯಾದ ಎಂಜಿನ್ ಕೂಡ ಹೀಗೇ ಕುಗ್ಗುತ್ತದೆ ಮಾರಾಯ್ರೆ. ಪೆಟ್ರೋಲಿಗೆ ಹಾಕಿದ ಯಾವ ಬಾಟಲಿಯೂ ನೀರಿನ ದಾರಿಗೆ ಹೋಗುವುದಿಲ್ಲ.

ನೈಲಾನ್ ಬಲೆಯ ನೂಲು ನೋಡಿದ್ದೀರಾ? ನೀರಿನಲ್ಲಿ ತಿರುಗುವ ಫ್ಯಾನ್ (ಪ್ರೊಪೆಲ್ಲರ್) ಬಿಚ್ಚಿ ಶಾಫ್ಟ್ ಸುತ್ತ ನೋಡಿ. ನಮ್ಮಲ್ಲಿ ಹತ್ತು ಮೋಟರ್ ಬಂದರೆ ಕೆಲವಕ್ಕಾದರೂ ಅಲ್ಲಿ ನೂಲು ಸುತ್ತಿಕೊಂಡೇ ಇರುತ್ತದೆ. ಸೀಲ್ ಕೊಯ್ದು ಗೇರ್ ಬಾಕ್ಸಿಗೆ ನೀರು ಹೋಗ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋದ ಹಾಗೆ.

ಶಿಂಷಾ ದಂಡೆ, ಕುಣಿಗಲ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ಸಂಘದವರು ಕೂತು ಓದಿ, ಒಂದೊಂದಾಗಿ ನೋಡಿದೆವು.

ಬಲ್ಬ್ ಒತ್ತಿದ ಕೂಡಲೇ ಮೋಟರ್ ಎದ್ದಿತು! ನಮ್ಮ ಹುಡುಗರು ಕೂಗಿಯೇಬಿಟ್ಟರು. ಒತ್ತುವುದು ಬಿಟ್ಟರೆ ಕುಗ್ಗುವುದು, ಒತ್ತಿದರೆ ಏಳುವುದು. ಗಾಳಿ ಸ್ಕ್ರೂ ಸರಿ ಇತ್ತು. ಪೈಪ್ ಕತ್ತರಿಸಿದರೆ ಮೇಸ್ತ್ರಿಗಳು ಹೇಳಿದ ಹಾಗೇ ಒಳಪದರ ಗುಳ್ಳೆ ಎದ್ದಿತ್ತು. ಪಂಪಿನ ಡಯಾಫ್ರಮ್ ಬಗ್ಗಿಸಿದರೆ ಹಪ್ಪಳದಂತೆ ಬಿರುಕು ಬಿಟ್ಟಿತು. ಎರಡೂ ಹೊಸದು ಹಾಕಿದೆವು. ಕಾರ್ಬೊರೇಟರ್ ಬಿಚ್ಚಿ ಬಟ್ಟಲು ತೊಳೆದೆವು, ತಳದಲ್ಲಿ ಹಸಿರು ಅಂಟು ಇತ್ತು. ಗಾಜಿನ ಬಾಟಲಿಯಲ್ಲಿ ಪದರ ಕಾಣಲಿಲ್ಲ, ಸದ್ಯ.

ಮಲ್ಪೆಯವರ ಪ್ರಶ್ನೆಗೆ: ಕಾಕ್ ಇಲ್ಲ, ಪೆಟ್ರೋಲ್ ಮಾಡೆಲ್ಲೇ. ಥರ್ಮೋಸ್ಟಾಟ್ ಸುತ್ತ ಉಪ್ಪು ಇತ್ತು, ಕೆರೆದು ತೆಗೆದೆವು. ಶಾಫ್ಟಿನಲ್ಲಿ ನೂಲೂ ಇತ್ತು! ಗೇರ್ ಆಯಿಲ್ ಮಾತ್ರ ಚೆನ್ನಾಗಿದೆ.

ಈಗ ಫುಲ್ ಥ್ರಾಟಲಿನಲ್ಲಿ ಕುಗ್ಗುವುದು ನಿಂತಿದೆ. ಆದರೆ ಕರಾವಳಿಯಲ್ಲಿ ಕೊಳ್ಳುವಾಗ ಓಡಿಸಿ ನೋಡಿದ ಎಳೆತ ಇಲ್ಲಿ ಯಾವತ್ತೂ ಬಂದಿಲ್ಲ. ಕಪ್ಪು ಪ್ಲಗ್ ಕೆಳಗಿನ ಸಿಲಿಂಡರಿನಲ್ಲೇ ಉಳಿಯಿತು. ಕಂಪ್ರೆಶನ್ ಅಲ್ಲಿ ಮೇಲಿನದಕ್ಕಿಂತ ಶೇ 15ರಷ್ಟು ಕಡಿಮೆ. ಆಯಿಲ್ ಬಿಟ್ಟರೆ ಏರುತ್ತದೆ. ಈಗ ಅಡಿಟಿವ್ ಹಾಕುವ ಹೊತ್ತು ಬಂತಾ ಮೇಸ್ತ್ರಿಗಳೇ? ನಾವು ಟಿಸಿ-ಡಬ್ಲ್ಯೂ3 ಆಯಿಲೇ ಹಾಕುತ್ತೇವೆ. ಮಾರಿದವರು ಮೊದಲು ಯಾವುದು ಹಾಕುತ್ತಿದ್ದರೋ ತಿಳಿಯದು.

ಪಂಪ್‌ಸೆಟ್ ಮೇಸ್ತ್ರಿ, ತುಮಕೂರು

ಹೌದು ಅಣ್ಣ, ಈಗ ಹಾಕಿ. ಓದಿ ತುಂಬಾ ಖುಷಿಯಾಯಿತು.

ಮಸಿಗೆ ಟ್ಯಾಂಕಿಗೆ ಹಾಕುವುದಕ್ಕಿಂತ ನೇರ ಸಿಲಿಂಡರಿಗೆ ಬಿಡುವುದು ಚುರುಕು. ಮೋಟರನ್ನು ನೀರು ತುಂಬಿದ ದೊಡ್ಡ ಡ್ರಮ್ಮಿನಲ್ಲಿ ನಿಲ್ಲಿಸಿ. ನೀರಿಲ್ಲದೆ ಒಂದು ಕ್ಷಣವೂ ಶುರು ಮಾಡಬೇಡಿ, ತಂಪಿಗೆ ನೀರು ಎಳೆಯುವ ಇಂಪೆಲ್ಲರಿನ ರಬ್ಬರ್ ಸುಟ್ಟುಹೋಗುತ್ತದೆ. ಚೆನ್ನಾಗಿ ಬಿಸಿ ಮಾಡಿ. ಕಾರ್ಬನ್ ತೆಗೆಯುವ ಎಂಜಿನ್ ಟ್ಯೂನರ್ ಸ್ಪ್ರೇ ಸಿಗುತ್ತದೆ. ಮೋಟರ್ ಸ್ವಲ್ಪ ಜೋರಾಗಿ ಓಡುತ್ತಿರುವಾಗ ಕಾರ್ಬೊರೇಟರ್ ಬಾಯಿಗೆ ಅದನ್ನು ಬಿಡುತ್ತಾ, ಕೊನೆಗೆ ಜಾಸ್ತಿ ಬಿಟ್ಟು ಆರಿಸಿಬಿಡಿ. ಆಮೇಲೆ ಪ್ಲಗ್ ಬಿಚ್ಚಿ ಕೆಳಗಿನ ಸಿಲಿಂಡರಿಗೆ ಇನ್ನೊಂದಿಷ್ಟು ಬಿಟ್ಟು, ರಾತ್ರಿ ಹಾಗೇ ಬಿಡಿ. ಬೆಳಿಗ್ಗೆ ಪ್ಲಗ್ ಹಾಕುವ ಮೊದಲು ಹಗ್ಗ ಕೆಲವು ಸಲ ಎಳೆದು ಒಳಗೆ ನಿಂತ ದ್ರವ ಹೊರಹಾಕಿ. ಶುರು ಮಾಡಿದಾಗ ಊರೆಲ್ಲ ಹೊಗೆ ಬರುತ್ತದೆ, ಗಾಬರಿಯಾಗಬೇಡಿ. ಹಳೇ ಪ್ಲಗ್ಗಿನಲ್ಲೇ ಹೊಗೆ ತೀರುವವರೆಗೆ ಓಡಿಸಿ, ಆಮೇಲೆ ಹೊಸ ಪ್ಲಗ್ ಹಾಕಿ ಕಂಪ್ರೆಶನ್ ಅಳೆಯಿರಿ. ಏರಿದ್ದರೆ ಇನ್ನೊಂದು ಸಲ ಮಾಡಬಹುದು. ಒಂದು ಚೂರೂ ಏರದಿದ್ದರೆ ರಿಂಗ್ ಸವೆದಿದೆ. ಆಗ ಬಾಟಲಿಗೆ ಕೊಡುವ ದುಡ್ಡನ್ನು ರಿಂಗ್ ಸೆಟ್ಟಿಗೆ ಎತ್ತಿಡಿ.

ಈ ಕೆಲಸ ಜಲಾಶಯದಲ್ಲಿ ಮಾತ್ರ ಮಾಡಬೇಡಿ, ಕೈ ಮುಗಿದು ಕೇಳುತ್ತೇನೆ. ಟೂ ಸ್ಟ್ರೋಕಿನ ಹೊಗೆ ನೀರಿನೊಳಗೇ ಬಿಡುವುದು. ಕರಗಿದ ಮಸಿ, ಸ್ಪ್ರೇ, ಆಯಿಲ್ ಎಲ್ಲ ಅಲ್ಲೇ ಉಳಿಯುತ್ತದೆ. ನಾವು ತುಮಕೂರಿನವರು ಬುಗುಡನಹಳ್ಳಿ ಕೆರೆಯ ನೀರು ಕುಡಿಯುವವರು. ಕೆರೆಗೆ ಏನು ಬಿಟ್ಟರೂ ಯಾರದೋ ಮನೆಯ ನಲ್ಲಿಗೆ, ಇಲ್ಲವೇ ಮೀನಿನ ಮೈಗೆ ಹೋಗುತ್ತದೆ. ಡ್ರಮ್ಮಿನ ನೀರನ್ನೂ ದಡದಲ್ಲಿ ಚೆಲ್ಲಬೇಡಿ. ಮೇಲೆ ತೇಲುವ ಆಯಿಲನ್ನು ಹಳೇ ಬಟ್ಟೆ, ಮರದ ಹೊಟ್ಟಿನಲ್ಲಿ ಹೀರಿಸಿ ಗ್ಯಾರೇಜಿನ ವೇಸ್ಟ್ ಆಯಿಲ್ ಜೊತೆ ಕೊಡಿ.

ಕರಾವಳಿಯ ಎಳೆತ ಇಲ್ಲಿ ಬರುವುದಿಲ್ಲ ಎಂದಿರಿ. ಅದಕ್ಕೆ ಮೋಟರನ್ನು ಬೈಯುವ ಹಾಗಿಲ್ಲ. ಮಾರ್ಕೋನಹಳ್ಳಿ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 300 ಮೀಟರಿಗೆ ಶೇ 3ರಷ್ಟು ಶಕ್ತಿ ಹೋಗುತ್ತದೆ ಎನ್ನುವುದು ಎಲ್ಲ ಮೆಕ್ಯಾನಿಕ್‌ಗಳ ಲೆಕ್ಕ. ಅಂದರೆ ಶೇ 7ರಷ್ಟು ಇಲ್ಲೇ ಹೋಯಿತು. ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರರಲ್ಲೊಂದು ಪಾಲು ಶಕ್ತಿ ಕಡಿಮೆ. ಅದು ಶೇ 20 ಬೆರೆತಾಗ ಲೀಟರಿನಲ್ಲಿ ಇನ್ನೊಂದು ಶೇ 7 ಹತ್ತಿರ ಕಡಿಮೆ. ಎಲ್ಲಿಂದ ಬರಬೇಕು ಹಳೇ ಎಳೆತ?

ಇದನ್ನು ಓದಿ ಕಾರ್ಬೊರೇಟರ್ ಜೆಟ್ ಬದಲಾಯಿಸಲು ಹೋಗಬೇಡಿ. ತೆಳು ಗಾಳಿಯಿಂದ ಪೆಟ್ರೋಲ್ ಪಾಲು ಜಾಸ್ತಿ ಆಗುತ್ತದೆ, ಎಥನಾಲಿನಿಂದ ಕಡಿಮೆ ಆದಂತಾಗುತ್ತದೆ. ಎರಡೂ ಒಂದಕ್ಕೊಂದು ಎದುರು. ಜೆಟ್ ಸಣ್ಣದು ಮಾಡಿದರೆ ಪಿಸ್ಟನ್ ಸುಡುವ ಭಯ ಇದೆ. ಮೇಲಿನ ಪ್ಲಗ್ ಕಂದು ಬಣ್ಣ ಇದೆ ಎಂದಿರಲ್ಲ, ಜೆಟ್ ಸರಿಯಾಗಿದೆ ಎಂದೇ ಅರ್ಥ.

ಬದಲಾಯಿಸಬೇಕಾದ್ದು ಫ್ಯಾನ್. ಪ್ಲಗ್ ವೈರಿಗೆ ಸುತ್ತುವ ಚಿಕ್ಕ ಆರ್‌ಪಿಎಂ ಮೀಟರ್ ಸಿಗುತ್ತದೆ. ಮೀನು ತುಂಬಿಕೊಂಡು ಫುಲ್ ಥ್ರಾಟಲ್ ಕೊಟ್ಟು ನೋಡಿ. ಈ ಅಳತೆಯ ಟೂ ಸ್ಟ್ರೋಕ್‌ಗಳಿಗೆ ಸಾಮಾನ್ಯವಾಗಿ 4500ರಿಂದ 5500 ಬರಬೇಕು, ನಿಮ್ಮ ಕೈಪಿಡಿಯಲ್ಲಿ ಏನಿದೆ ನೋಡಿಕೊಳ್ಳಿ. ಅದಕ್ಕಿಂತ ಕೆಳಗೆ ಒದ್ದಾಡುತ್ತಿದ್ದರೆ ಪಿಚ್, ಅಂದರೆ ಒಂದು ಸುತ್ತಿಗೆ ಮುಂದೆ ತಳ್ಳುವ ಲೆಕ್ಕದ ದೂರ, ಒಂದಿಂಚು ಕಡಿಮೆ ಇರುವ ಫ್ಯಾನ್ ಹಾಕಿ. 150ರಿಂದ 200 ಆರ್‌ಪಿಎಂ ಏರುತ್ತದೆ, ಭಾರ ಎಳೆಯುವುದು ಸುಲಭವಾಗುತ್ತದೆ. ಆರ್‌ಪಿಎಂ ಚೆನ್ನಾಗಿ ಬಂದೂ ದೋಣಿ ಓಡದಿದ್ದರೆ ಫ್ಯಾನಿನ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ದೋಣಿಯ ತಳದಲ್ಲಿ ಪಾಚಿ ಕಟ್ಟಿದೆಯಾ, ಅದನ್ನೂ ಒಮ್ಮೆ ಮಗುಚಿ ಉಜ್ಜಿ.

ಹಳೇ ಟೂ ಸ್ಟ್ರೋಕ್, ಚಿಕ್ಕಬಳ್ಳಾಪುರ

ಮೇಸ್ತ್ರಿಗಳೇ, ನುಸಿಗುಳಿಗೆ ಬಗ್ಗೆ ಹೇಳಿದ್ದಕ್ಕೆ ಥ್ಯಾಂಕ್ಸ್, ಅಪ್ಪನಿಗೂ ಓದಿ ಹೇಳಿದೆ. ಒಂದು ಪ್ರಶ್ನೆ. ಬಂಕಿನಲ್ಲಿ ಹಾಕುವ ಪೆಟ್ರೋಲಿನಲ್ಲಿ ಎಥನಾಲ್ ಎಷ್ಟಿದೆ ಎಂದು ಮನೆಯಲ್ಲೇ ತಿಳಿಯುವುದು ಹೇಗೆ? ಬೈಕ್ ವರ್ಷಕ್ಕೆ ಕೆಲವೇ ಸಲ ಹೊರಗೆ ತೆಗೆಯುವುದು.

ಪಂಪ್‌ಸೆಟ್ ಮೇಸ್ತ್ರಿ, ತುಮಕೂರು

ಗೆರೆ ಇರುವ ಉದ್ದನೆ ಗಾಜಿನ ಅಳತೆ ಪಾತ್ರೆಗೆ 10 ಮಿ.ಲೀ. ನೀರು ಹಾಕಿ, ಮೇಲೆ 90 ಮಿ.ಲೀ. ಪೆಟ್ರೋಲ್ ಸುರಿಯಿರಿ. ಮುಚ್ಚಿ ಅಲ್ಲಾಡಿಸಿ, ಆವಿ ಬಿಟ್ಟು, ನಿಲ್ಲಲು ಬಿಡಿ. ಎಥನಾಲ್ ನೀರಿನ ಜೊತೆ ಕೆಳಗೆ ಬರುತ್ತದೆ. ಕೆಳಗಿನ ಪದರ 10ರಲ್ಲೇ ಇದ್ದರೆ ಎಥನಾಲ್ ಇಲ್ಲ. ಶೇ 20 ಇದ್ದರೆ 28ರ ಹತ್ತಿರ ಏರುತ್ತದೆ. ತೀರಾ ಕರಾರುವಾಕ್ ಅಲ್ಲ, ಆದರೆ ಅಂದಾಜಿಗೆ ಸಾಕು.

ಕುಣಿಗಲ್ ಅಣ್ಣನಿಗೂ ಇದೇ ಸೇರಿಸಿ ಹೇಳುತ್ತೇನೆ. ಸ್ಟಾ-ಬಿಲ್ ಥರದ ಸ್ಟೆಬಿಲೈಜರ್ ಹಾಕುವುದಾದರೆ ಬಂಕಿನಿಂದ ತಂದ ದಿನವೇ ಹಾಕಿ, ಹಾಕಿ ಸ್ವಲ್ಪ ಹೊತ್ತು ಓಡಿಸಿ. ಆಗ ಅದು ಕಾರ್ಬೊರೇಟರಿನವರೆಗೂ ಹೋಗುತ್ತದೆ. ಬರುವ ಬೇಸಿಗೆಯಲ್ಲಿ ಮೋಟರ್ ಎತ್ತಿಡುವಾಗ ಪೆಟ್ರೋಲ್ ಪೈಪ್ ಕಿತ್ತು, ಡ್ರಮ್ಮಿನಲ್ಲಿ ತಾನಾಗಿ ಆರುವವರೆಗೆ ಓಡಿಸಿ. ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ಉಳಿದ ಹನಿಯನ್ನೂ ಇಳಿಸಿ. ಪ್ಲಗ್ ತೂತುಗಳಿಗೆ ಒಂದಿಷ್ಟು ಟಿಸಿ-ಡಬ್ಲ್ಯೂ3 ಬಿಟ್ಟು ಹಗ್ಗ ನಿಧಾನವಾಗಿ ಎಳೆದು, ಮೋಟರನ್ನು ನೆಟ್ಟಗೆ ನಿಲ್ಲಿಸಿ ಇಡಿ. ಮಿಕ್ಕ ಪೆಟ್ರೋಲನ್ನು ಇಟ್ಟುಕೊಳ್ಳಬೇಡಿ.

ಶಿಂಷಾ ದಂಡೆ, ಕುಣಿಗಲ್

ಸ್ಪ್ರೇ ಬಂತು. ಡ್ರಮ್ಮಿನಲ್ಲಿ, ದಡದಿಂದ ದೂರ ಶೆಡ್ಡಿನ ಹಿಂದೆ ಮಾಡಿದೆವು. ಮೊದಲ ಸಲಕ್ಕೆ ಕೆಳಗಿನ ಸಿಲಿಂಡರ್ ಕಂಪ್ರೆಶನ್ ಏರಿದೆ. ಎರಡರ ನಡುವಿನ ಅಂತರ ಶೇ 15ರಿಂದ 8ಕ್ಕೆ ಬಂದಿದೆ. ಪ್ಲಗ್ ಒದ್ದೆಯಾಗುವುದೂ ನಿಂತಿದೆ. ಇನ್ನೊಂದು ಸಲ ಮಾಡುತ್ತೇವೆ. ತುಂಬು ಭಾರದಲ್ಲಿ ಆರ್‌ಪಿಎಂ 4300 ಮಾತ್ರ ಬರುತ್ತಿದೆ, ಆದ್ದರಿಂದ ಪಿಚ್ ಕಡಿಮೆ ಇರುವ ಫ್ಯಾನ್ ಹುಡುಕುತ್ತಿದ್ದೇವೆ. ಮಲ್ಪೆಯವರೇ, ನಿಮ್ಮ ಕಡೆ ಹಳೇ ಫ್ಯಾನ್ ಸಿಗುವುದಾದರೆ ತಿಳಿಸಿ. ನಮ್ಮದರ ಮೇಲೆ 10 ಪಿಚ್ ಎಂದಿದೆ, 9 ಬೇಕು.